ಉಬ್ಬಸದ ರೋಗಿಗೆ ಬರೆಯುವ ಕನ್ನಡ

ಆಸ್ಪತ್ರೆಯ ಬಾಗಿಲಲ್ಲಿ ಹಂಚುವ ಕರಪತ್ರವೊಂದು ವಿಮರ್ಶೆಯ ವಸ್ತುವಾಗಬಲ್ಲುದೇ ಎಂದು ಕೆಲವರು ಕೇಳಬಹುದು. ಕಾವ್ಯ, ನಾಟಕ, ಶಾಸನಗಳನ್ನು ಬಿಟ್ಟು ರೋಗಿಗಳ ಕೈಪಿಡಿಗೆ ಈ ಪುಟಗಳಲ್ಲಿ ಎಡೆ ಕೊಡುವುದು ಅನುಚಿತವೆಂದು ತೋರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಕನ್ನಡ ಗದ್ಯದಲ್ಲಿ ಓದುಗನ ಪ್ರಾಣಕ್ಕೂ ವಾಕ್ಯದ ರಚನೆಗೂ ನೇರವಾದ ಸಂಬಂಧವಿರುವ ಪ್ರಕಾರವೊಂದಿದ್ದರೆ ಅದು ಇದೇ. ಕವಿತೆಯನ್ನು ತಪ್ಪಾಗಿ ಓದಿದವನಿಗೆ ರಸಭಂಗವಾದೀತು. ಉಬ್ಬಸದ ಔಷಧದ ವಿಧಾನವನ್ನು ತಪ್ಪಾಗಿ ಓದಿದವನಿಗೆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಉಸಿರು ಸಿಕ್ಕದೆ ಹೋದೀತು. ಆದುದರಿಂದ ಈ ಬರವಣಿಗೆಯ ಗುಣದೋಷಗಳನ್ನು ವಿಚಾರಿಸುವುದು ನಮ್ಮ ಕ್ಷೇತ್ರಕ್ಕೆ ಹೊರತಾದುದಲ್ಲವೆಂದು ನಾವು ಭಾವಿಸುತ್ತೇವೆ.

ವಿಚಾರಕ್ಕೆ ಒಬ್ಬ ಓದುಗನು ಬೇಕು. ಇಡೀ ಕರ್ನಾಟಕವನ್ನು ಓದುಗನನ್ನಾಗಿ ಕಲ್ಪಿಸಿಕೊಂಡರೆ ನಾವು ಯಾವ ದೋಷವನ್ನು ಖಂಡಿಸಹೊರಟಿದ್ದೇವೆಯೋ ಅದೇ ದೋಷಕ್ಕೆ ಗುರಿಯಾಗುತ್ತೇವೆ. ಅದಕ್ಕಾಗಿ ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನ ದುಬಲಗುಂಡಿಯನ್ನು ಆರಿಸಿಕೊಂಡಿದ್ದೇವೆ. ೧೯೫೬ರ ನವೆಂಬರ್ ೧ರ ವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಸೀಮೆ ಅದು. ಕನ್ನಡದೊಡನೆ ಉರ್ದು ಮರಾಠಿಗಳೂ ಅಲ್ಲಿನ ಸಂತೆಯ ಮಾತಿನಲ್ಲಿ ಬೆರೆತಿವೆ. ತೊಗರಿ, ಉದ್ದು, ಹೆಸರು, ಜೋಳ, ಸೋಯಾ, ಕಬ್ಬು ಈ ತಾಲೂಕಿನ ಬೆಳೆಗಳು. ೨೦೧೧ರ ಜನಗಣತಿಯಂತೆ ಬೀದರ ಜಿಲ್ಲೆಯ ಸಾಕ್ಷರತೆ ಶೇಕಡ ೭೦ರ ಆಸುಪಾಸಿನಲ್ಲಿತ್ತು. ಎಂದರೆ, ಕರಪತ್ರ ಕೈಗೆ ಬಂದರೂ ಅದನ್ನು ಓದಲಾರದವರು ಗಣನೀಯ ಸಂಖ್ಯೆಯಲ್ಲಿ ಇದ್ದರು. ಅಂಥ ಊರಿನಲ್ಲಿ ಉಬ್ಬಸದಿಂದ ನರಳುವ ಒಬ್ಬ ಒಕ್ಕಲಗಿತ್ತಿಯನ್ನು, ಅವಳ ನೆರೆಮನೆಯ ಒಬ್ಬ ಗಂಡಸನ್ನು ನಾವು ಮುಂದಿಟ್ಟುಕೊಂಡಿದ್ದೇವೆ. ಇವರಿಬ್ಬರೂ ಕಲ್ಪಿತರು, ಅವರ ಸುತ್ತಲಿನ ಹೊಗೆ, ಧೂಳು, ಮಾತುಗಳು ಮಾತ್ರ ಕಲ್ಪಿತವಲ್ಲ.

ಮೊದಲು ರೋಗದ ಹೆಸರನ್ನೇ ನೋಡೋಣ. ಕರಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಪದ ‘ಅಸ್ತಮಾ’. ಮೈಸೂರು ಸೀಮೆಯಲ್ಲಿ ‘ಗೂರಲು’ ಎನ್ನುವರು, ಗ್ರಂಥಸ್ಥವಾದ ‘ಉಬ್ಬಸ’ಕ್ಕೆ ಹಳಗನ್ನಡದಲ್ಲಿ ಸಂಕಟವೆಂಬ ವ್ಯಾಪಕವಾದ ಅರ್ಥವೂ ಉಂಟು, ಆಯುರ್ವೇದದವರು ‘ತಮಕ ಶ್ವಾಸ’ ಎಂದರು. ಉತ್ತರದ ಜಿಲ್ಲೆಗಳ ಆಡುಮಾತು ‘ದಮ್ಮು’. ಪಾರಸಿಯ ‘ದಮ್’ ಎಂದರೆ ಉಸಿರು. ಆದರೆ ಕನ್ನಡಕ್ಕೆ ಬಂದ ಮೇಲೆ ಈ ಪದವು ಹಲವು ಮನೆಗಳಲ್ಲಿ ಬಾಳುತ್ತಿದೆ. ದಮ್ಮು ಹತ್ತುವುದು ರೋಗ, ದಮ್ಮಿರುವುದು ಕಸುವು, ದಮ್ಮು ಎಳೆಯುವುದು ಬೀಡಿ ಸೇದುವುದು. ಒಂದೇ ಪದ ವ್ಯಾಧಿಗೂ ಶಕ್ತಿಗೂ ವ್ಯಸನಕ್ಕೂ ಸಲ್ಲುವಾಗ, ತನಗೆ ದಮ್ಮಿನ ರೋಗವೆಂದು ಒಪ್ಪಿಕೊಳ್ಳುವ ಗಂಡಸು ತನ್ನಲ್ಲಿ ದಮ್ಮಿಲ್ಲವೆಂದು ಒಪ್ಪಿಕೊಂಡಂತಾಗುವುದಿಲ್ಲವೇ? ‘ಅಸ್ತಮಾ’ ಎಂಬ ಪದಕ್ಕೆ ಈ ತೊಡಕಿಲ್ಲ, ನಿಜ. ಆದರೆ ಅದು ತನಗೆ ಸಂಬಂಧಿಸಿದ್ದೆಂದು ಅವನಿಗೆ ಹೊಳೆಯದೆಯೂ ಹೋಗಬಹುದು. ಜಾಗತಿಕ ಅಸ್ತಮಾ ಜಾಲದ ಭಾರತೀಯ ಸಮೀಕ್ಷೆ ೨೦೨೨ರಲ್ಲಿ ಪ್ರಕಟವಾಯಿತು. ರೋಗಲಕ್ಷಣಗಳಿದ್ದ ಬಹುಪಾಲು ಜನರಿಗೆ ತಮಗಿರುವುದು ಅಸ್ತಮಾ ಎಂದು ಯಾರೂ ಹೇಳಿರಲೇ ಇಲ್ಲವೆಂದು ಅದು ತೋರಿಸಿತು. ಹೆಸರಿಲ್ಲದ ರೋಗಕ್ಕೆ ಕರಪತ್ರ ಹಂಚಿ ಫಲವೇನು?

ರೋಗದ ಗಾತ್ರವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಜಾಗತಿಕ ರೋಗಭಾರದ ೨೦೧೯ರ ಅಂದಾಜಿನಂತೆ ಭಾರತದಲ್ಲಿ ಉಬ್ಬಸಿಗಳು ಸುಮಾರು ಮೂರು ಕೋಟಿ ನಲವತ್ತು ಲಕ್ಷ. ಜಗತ್ತಿನ ಅಸ್ತಮಾ ಭಾರದಲ್ಲಿ ನಮ್ಮ ಪಾಲು ಶೇಕಡ ೧೩ರಷ್ಟು. ಸಾವುಗಳಲ್ಲಿ ಮಾತ್ರ ಶೇಕಡ ೪೦ನ್ನು ಮೀರಿದೆ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ನಡೆಸಿದ ಅಧ್ಯಯನವು ೧೯೭೯ರಲ್ಲಿ ಶೇಕಡ ೯ರಷ್ಟಿದ್ದ ಅಸ್ತಮಾ ೧೯೯೯ರ ವೇಳೆಗೆ ಶೇಕಡ ೨೯.೫ಕ್ಕೆ ಏರಿದುದನ್ನು ದಾಖಲಿಸಿತು. ಆ ಏರಿಕೆಯ ಕಾರಣಗಳು ವೈದ್ಯರ ವಿಚಾರ. ಆದರೆ ಪಾಲಿನಲ್ಲಿ ಹದಿಮೂರು, ಸಾವಿನಲ್ಲಿ ನಲವತ್ತು ಎಂಬ ಅಂತರ ಕೇವಲ ವೈದ್ಯರ ವಿಚಾರವಲ್ಲ. ಶ್ವಾಸನಾಳದ ಉರಿಯೂತವನ್ನು ತಗ್ಗಿಸುವ, ಉಸಿರಿನೊಡನೆ ಒಳಗೆಳೆಯುವ ಔಷಧಗಳು ದಶಕಗಳಿಂದ ಇವೆ. ಅವು ರೋಗಿಯ ಕೈಗೆ ಸೇರದಿರುವುದಕ್ಕೆ ಬಡತನ, ಸರಬರಾಜು, ದೂರ ಮುಂತಾದ ಕಾರಣಗಳುಂಟು. ಕೈಗೆ ಸೇರಿದರೂ ರೋಗಿಯು ಅವನ್ನು ಬಿಟ್ಟುಬಿಡುವುದಕ್ಕೆ ಮಾತಿನ ಕಾರಣವೂ ಉಂಟು. ನಮಗೆ ಸಂಬಂಧಿಸಿದುದು ಈ ಕೊನೆಯದು.

ಈಗ ಕರಪತ್ರದ ಗದ್ಯಕ್ಕೆ ಬರೋಣ. ನಾವು ಕಂಡ ಹಲವಾರು ಕರಪತ್ರಗಳ ಲಕ್ಷಣ ಬಹುಮಟ್ಟಿಗೆ ಒಂದೇ. ರೋಗದ ವ್ಯಾಖ್ಯೆ ಮೊದಲು, ಬಳಿಕ ಕಾರಣಗಳು, ಬಳಿಕ ಮಾಡತಕ್ಕವು, ಮಾಡಬಾರದವು. ಭಾಷೆ ಇಂಗ್ಲಿಷಿನಿಂದ ಇಳಿದುಬಂದುದೆಂದು ಮೊದಲ ವಾಕ್ಯದಲ್ಲೇ ತಿಳಿಯುತ್ತದೆ. ‘ಪ್ರಚೋದಕ’ಗಳ ಪಟ್ಟಿಯಲ್ಲಿ ನೆಲಹಾಸಿನ ರತ್ನಗಂಬಳಿಯುಂಟು, ಮನೆಯೊಳಗೆ ಸಾಕಿದ ಬೆಕ್ಕುನಾಯಿಗಳ ಕೂದಲುಂಟು, ಮೆತ್ತೆಯ ಹಾಸಿಗೆಯ ನುಸಿಯುಂಟು. ತೊಗರಿಯ ರಾಶಿ ಮಾಡುವಾಗ ಏಳುವ ಹೊಟ್ಟಿನ ಧೂಳಿಲ್ಲ. ಒಲೆಗೆ ಹಾಕುವ ತೊಗರಿಕಟ್ಟಿಗೆಯ, ಕುಳ್ಳಿನ ಹೊಗೆಯಿಲ್ಲ. ಒಣಮೆಣಸಿನಕಾಯಿ ಹುರಿಯುವಾಗಿನ ಘಾಟಿಲ್ಲ. ಬದುವಿನ ಮೇಲೆ ಸೊಕ್ಕಿ ಬೆಳೆಯುವ ಕಾಂಗ್ರೆಸ್ ಹುಲ್ಲಿನ ಪರಾಗವೂ ಇಲ್ಲ. ಪಟ್ಟಿ ಸುಳ್ಳಲ್ಲ. ಆದರೆ ಅದು ಮತ್ತೊಬ್ಬರ ಮನೆಯ ಪಟ್ಟಿ. ದುಬಲಗುಂಡಿಯ ಒಕ್ಕಲಗಿತ್ತಿಯು ಅದನ್ನು ಯಾರಿಂದಲಾದರೂ ಓದಿಸಿ ಕೇಳಿದರೆ, ತನ್ನ ಮನೆಯಲ್ಲಿ ಇವಾವುವೂ ಇಲ್ಲವಾದುದರಿಂದ ತನಗೆ ಅಪಾಯವಿಲ್ಲವೆಂದು ತರ್ಕಬದ್ಧವಾಗಿಯೇ ತೀರ್ಮಾನಿಸುವಳು.

ಇದಕ್ಕಿಂತ ಗಂಭೀರವಾದುದು ಕ್ರಿಯಾಪದಗಳ ದೋಷ. ‘ಹೊಗೆಯನ್ನು ವರ್ಜಿಸಿರಿ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ವ್ಯಾಕರಣದಲ್ಲಿ ಅದು ವಿಧ್ಯರ್ಥ. ವಿಧಿಸಿದ್ದನ್ನು ಮಾಡಲು ಸ್ವಾತಂತ್ರ್ಯವುಳ್ಳ ಕರ್ತೃವನ್ನು ಅದು ಊಹಿಸುತ್ತದೆ. ಮನೆಯ ಒಲೆ ಊದುವವಳು ಅವಳೇ ಆಗಿರುವಾಗ, ಅನಿಲದ ಉರುಳೆ ಖಾಲಿಯಾದರೆ ಅದನ್ನು ತುಂಬಿಸುವ ಹಣ ಅವಳ ಕೈಯಲ್ಲಿಲ್ಲದಿರುವಾಗ, ಈ ವಿಧಿ ಯಾರಿಗೆ? ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಮನೆಗಳಿಗೆ ಅನಿಲದ ಒಲೆ ಬಂದುದು ನಿಜ. ಹೊಲದಿಂದ ಬಿಟ್ಟಿಯಾಗಿ ಬರುವ ತೊಗರಿಕಟ್ಟಿಗೆ ಅದರಿಂದ ಮಾಯವಾಗಲಿಲ್ಲ. ವಾಕ್ಯವನ್ನು ಅವಳ ಗಂಡನಿಗೆ, ಅತ್ತೆಗೆ ಬರೆಯಬೇಕಾಗಿತ್ತು. ಕರಪತ್ರಕ್ಕೆ ಅವರ ಪರಿಚಯವೇ ಇಲ್ಲ.

ಮತ್ತೊಂದು ಕ್ರಿಯಾಪದ ‘ಸೇವಿಸು’. ಕನ್ನಡದ ಔಷಧಗದ್ಯದಲ್ಲಿ ಇದು ಸರ್ವವ್ಯಾಪಿ. ಗುಳಿಗೆ, ಕಷಾಯ, ಲೇಹ್ಯ ಎಲ್ಲವನ್ನೂ ಸೇವಿಸಬೇಕು. ಆದರೆ ಉಬ್ಬಸಕ್ಕೆ ಕೊಡುವ ಔಷಧಗಳಲ್ಲಿ ಗುಳಿಗೆಯಂತೆಯೇ ಕಾಣುವ ಕೋಶವೊಂದುಂಟು. ಅದನ್ನು ನುಂಗತಕ್ಕದ್ದಲ್ಲ, ಸಾಧನದಲ್ಲಿಟ್ಟು ಬಿಚ್ಚಿ, ಒಳಗಿನ ಪುಡಿಯನ್ನು ಉಸಿರಿನೊಡನೆ ಎಳೆಯತಕ್ಕದ್ದು. ಇದನ್ನು ನುಂಗಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇಂಥ ಕೋಶಗಳನ್ನು ನುಂಗಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ೨೦೦೮ರಲ್ಲಿ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು. ‘ದಿನಕ್ಕೆ ಎರಡು ಬಾರಿ ಸೇವಿಸಿರಿ’ ಎಂದು ಬರೆದ ಮೇಲೆ ನುಂಗಿದವಳನ್ನು ತಪ್ಪಿತಸ್ಥೆ ಎನ್ನುವುದು ನ್ಯಾಯವಲ್ಲ. ಅವಳು ಕನ್ನಡವನ್ನು ಸರಿಯಾಗಿಯೇ ಓದಿದ್ದಾಳೆ.

ಉಸಿರೆಳೆಯುವ ಬಗೆಯಲ್ಲಿಯೂ ಹೀಗೆಯೇ. ಒತ್ತಿದರೆ ತುಂತುರು ಹೊಮ್ಮುವ ಸಾಧನವಾದರೆ ಮೊದಲು ಉಸಿರನ್ನು ಹೊರಬಿಟ್ಟು, ಒತ್ತುವುದರೊಡನೆ ನಿಧಾನವಾಗಿ, ಆಳವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಪುಡಿಯ ಸಾಧನವಾದರೆ ರಭಸದಿಂದ ಎಳೆಯಬೇಕು; ನಿಧಾನವಾಗಿ ಎಳೆದರೆ ಪುಡಿ ಒಳಗೆ ಹೋಗುವುದಿಲ್ಲ. ನಮ್ಮ ಒಕ್ಕಲಗಿತ್ತಿಗೆ ತುಂತುರಿನ ಸಾಧನ, ನೆರೆಮನೆಯವನಿಗೆ ಪುಡಿಯದು ಎಂದಿಟ್ಟುಕೊಳ್ಳೋಣ. ಇಬ್ಬರಿಗೂ ಒಂದೇ ಕಾಗದ ಕೊಟ್ಟರೆ ಒಬ್ಬರಿಗೆ ಅದು ಸುಳ್ಳಾಗಲೇಬೇಕು. ಇನ್ನು ಬಣ್ಣಗಳ ಮಾತು. ಕೂಡಲೆ ಉಸಿರು ಬಿಡಿಸುವ ಔಷಧಕ್ಕೆ ನೀಲಿ, ದಿನವೂ ತೆಗೆದುಕೊಳ್ಳುವ ತಡೆಮದ್ದಿಗೆ ಕಂದು ಎಂಬ ವಾಡಿಕೆಯನ್ನು ನೆಚ್ಚಿ ಬರೆದ ಕರಪತ್ರಗಳು ಅನೇಕ. ಆದರೆ ೧೯೯೩ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಸ್ತಮಾ ಉಪಕ್ರಮವು ೨೦೧೯ರಲ್ಲಿ ತನ್ನ ಮಾರ್ಗದರ್ಶನವನ್ನು ಬದಲಿಸಿ, ವಯಸ್ಕರಿಗೂ ಹದಿಹರೆಯದವರಿಗೂ ಕೇವಲ ಉಪಶಮನದ ಔಷಧವನ್ನೊಂದೇ ಕೊಡುವುದು ಸಲ್ಲದೆಂದಿತು. ಎರಡು ಔಷಧಗಳೂ ಬೆರೆತ ಒಂದೇ ಸಾಧನವನ್ನು ಎರಡು ಉದ್ದೇಶಗಳಿಗೂ ಬಳಸುವ ಪದ್ಧತಿ ಬಂದಿತು. ನೀಲಿ ಕಂದುಗಳ ಭೇದವೇ ಇಲ್ಲದ ರೋಗಿಗೆ ನೀಲಿ ಕಂದುಗಳ ಪಾಠ ಗೊಂದಲವನ್ನಲ್ಲದೆ ಬೇರೇನನ್ನೂ ತರದು.

ಸಾರ್ವತ್ರಿಕ ಉಪದೇಶದ ನಿಷ್ಫಲತೆ ಕೇವಲ ನಮ್ಮ ಅಭಿರುಚಿಯ ತೀರ್ಪಲ್ಲ. ಆಸ್ಟ್ರೇಲಿಯದ ಪೀಟರ್ ಗಿಬ್ಸನ್ ಮತ್ತು ಸಂಗಡಿಗರು ಈ ಶತಮಾನದ ಆರಂಭದಲ್ಲಿ ಎರಡು ಸಮೀಕ್ಷೆಗಳನ್ನು ಮಾಡಿದರು. ರೋಗದ ಬಗೆಗೆ ಮಾಹಿತಿಯನ್ನು ಮಾತ್ರ ಕೊಟ್ಟ ಹನ್ನೆರಡು ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಆಸ್ಪತ್ರೆ ಸೇರುವವರ ಸಂಖ್ಯೆ ಕಡಮೆಯಾದುದು ಕಾಣಲಿಲ್ಲ. ರೋಗಿಯು ತನ್ನ ಲಕ್ಷಣಗಳನ್ನು ತಾನೇ ಗಮನಿಸುವುದು, ವೈದ್ಯನು ಮತ್ತೆ ಮತ್ತೆ ಪರಿಶೀಲಿಸುವುದು, ಅವನವನಿಗೆಂದೇ ಬರೆದ ಯೋಜನೆ ಇವು ಕೂಡಿದ್ದ ಮೂವತ್ತಾರು ಪ್ರಯೋಗಗಳ ಸಮೀಕ್ಷೆಯಲ್ಲಿ ಆಸ್ಪತ್ರೆ ಸೇರುವುದು ಸುಮಾರು ಮೂರನೆಯ ಒಂದರಷ್ಟು ತಗ್ಗಿತ್ತು. ಬ್ರಿಟನ್ನಿನಲ್ಲಿ ೨೦೧೪ರಲ್ಲಿ ಹೊರಬಂದ ಅಸ್ತಮಾ ಸಾವುಗಳ ವರದಿಯು ೧೯೫ ಸಾವುಗಳನ್ನು ಪರಿಶೀಲಿಸಿತು; ಅವರಲ್ಲಿ ಸ್ವಂತ ಯೋಜನೆಯ ಕಾಗದವಿದ್ದವರು ಶೇಕಡ ೨೩ ಮಾತ್ರ. ಆದರೂ ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಲಿಖಿತ ಯೋಜನೆಯ ಕಾಗದವನ್ನು ಮಾತ್ರ ಬೇರ್ಪಡಿಸಿ ನೋಡಿದ ೨೦೧೭ರ ಇನ್ನೊಂದು ಸಮೀಕ್ಷೆಗೆ ಅದರಿಂದ ನಿಶ್ಚಿತವಾದ ಪ್ರಯೋಜನ ಕಾಣಲಿಲ್ಲ. ಕಾಗದಕ್ಕೆ ಮಂತ್ರಶಕ್ತಿಯಿಲ್ಲ. ಅದನ್ನು ಕೊಡುವಾಗ ಆಡುವ ಮಾತು, ಮತ್ತೆ ಬಂದಾಗ ಕೇಳುವ ಪ್ರಶ್ನೆ ಇವುಗಳ ನೆನಪಾಗಿ ಅದು ಕೆಲಸ ಮಾಡುತ್ತದೆ. ನಾಟಕದ ಲಿಖಿತ ಪಾಠಕ್ಕೂ ಪ್ರಯೋಗಕ್ಕೂ ಇರುವ ಸಂಬಂಧವನ್ನು ಬಲ್ಲ ನಮಗೆ ಇದು ಹೊಸದಾಗಿ ತೋರಬೇಕಾದುದಿಲ್ಲ.

ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೇಳುವ ಗದ್ಯ ಕನ್ನಡಕ್ಕೆ ಅಪರಿಚಿತವೇ? ನಮ್ಮ ಪ್ರಾಚೀನ ವೈದ್ಯಗ್ರಂಥಗಳ ಮಟ್ಟಿಗೆ ಹೌದೆನ್ನಬೇಕು. ದುಬಲಗುಂಡಿಯ ನೆರೆಯ ತಾಲೂಕಾದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿ. ಆ ವಂಶದ ರಾಜಕುಮಾರ ಕೀರ್ತಿವರ್ಮನು ಕ್ರಿ.ಶ. ಸುಮಾರು ೧೧೨೫ರಲ್ಲಿ ‘ಗೋವೈದ್ಯ’ವನ್ನು ಬರೆದನೆಂದು ಸಾಹಿತ್ಯಚರಿತ್ರೆಕಾರರು ಹೇಳುತ್ತಾರೆ. ಆಮೇಲಿನದು ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’. ಇವು ವೈದ್ಯನನ್ನು ಉದ್ದೇಶಿಸಿದ ಶಾಸ್ತ್ರಗಳು. ರೋಗಿಯು ಅಲ್ಲಿ ವಿಷಯವೇ ಹೊರತು ಶ್ರೋತೃವಲ್ಲ. (ಗೋವಿಗಂತೂ ಓದುವ ಪ್ರಸಕ್ತಿಯೇ ಇಲ್ಲ.) ಆದರೆ ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ ವಚನಕಾರರು ಕಟ್ಟಿದ ಗದ್ಯ ಸಂಬೋಧನೆಯಿಲ್ಲದೆ ನಿಲ್ಲಲಾರದು, ಅಂಕಿತವೆಂಬುದು ಒಬ್ಬರು ಇನ್ನೊಬ್ಬರನ್ನು ಕರೆಯುವ ಕರೆ. ಹೊಸಗನ್ನಡದಲ್ಲಿ ಡಾ. ಅನುಪಮಾ ನಿರಂಜನರು (೧೯೩೪–೧೯೯೧) ವೈದ್ಯಕ್ಕೆ ಈ ಕರೆಯನ್ನು ತಂದರು. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳು ಮನೆಮನೆಗಳನ್ನು ಹೊಕ್ಕವು, ‘ಕೇಳು ಕಿಶೋರಿ’ ಎಂಬ ಹೆಸರಿನಲ್ಲಿಯೇ ಕೇಳುವವಳೊಬ್ಬಳು ಎದುರಿಗೆ ಕುಳಿತಿದ್ದಾಳೆ. ಕನ್ನಡದ ಆರೋಗ್ಯಗದ್ಯದಲ್ಲಿ ಇದು ದೊಡ್ಡ ಹೆಜ್ಜೆ. ಆದರೂ ಆ ಕಿಶೋರಿ ಎಲ್ಲ ಕಿಶೋರಿಯರ ಪ್ರತಿನಿಧಿ, ನಿರ್ದಿಷ್ಟವಾದ ಒಬ್ಬಳಲ್ಲ. ಪುಸ್ತಕಕ್ಕೆ ಅದಕ್ಕಿಂತ ಮುಂದೆ ಹೋಗುವುದು ಸಾಧ್ಯವೂ ಇಲ್ಲ.

ಒಬ್ಬನನ್ನೇ ನಿರ್ದಿಷ್ಟವಾಗಿ ಉದ್ದೇಶಿಸುವ ಕಲೆಯನ್ನು ಈ ಸೀಮೆಯ ಉಬ್ಬಸಿಗಳು ಕಂಡಿರುವುದು ಬೇರೊಂದು ಕಡೆ. ಪುಣೆ–ಹೈದರಾಬಾದು ಹೆದ್ದಾರಿ ಹುಮನಾಬಾದನ್ನು ಹಾದುಹೋಗುತ್ತದೆ. ಮೃಗಶಿರಾ ಕಾಲಿಡುವ ಜೂನ್ ತಿಂಗಳ ಮೊದಲ ವಾರಗಳಲ್ಲಿ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಕೊಡುವ ಮೀನಿನ ಪ್ರಸಾದಕ್ಕೆ ನಾನಾ ಪ್ರಾಂತಗಳಿಂದ ಜನ ಸೇರುತ್ತಾರೆ. ೧೮೪೫ರಿಂದ ಇದು ನಡೆದುಬಂದಿದೆಯೆಂದು ಆ ಮನೆತನದವರ ಹೇಳಿಕೆ. ಜೀವಂತವಾದ ಮರಿಮೀನಿನ ಬಾಯಲ್ಲಿ ಮದ್ದನ್ನಿಟ್ಟು ರೋಗಿಯ ಗಂಟಲಿಗಿಳಿಸುತ್ತಾರೆ. ಮೀನು ಒಲ್ಲದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ನಲವತ್ತೈದು ದಿನಗಳ ಪಥ್ಯ ವಿಧಿಸುತ್ತಾರೆ. ಮೂರು ವರ್ಷ ಬಿಡದೆ ಬರಬೇಕೆನ್ನುತ್ತಾರೆ. ಇದಕ್ಕೆ ಹಣ ಪಡೆಯುವುದಿಲ್ಲ. ಉಬ್ಬಸವನ್ನು ಇದು ಗುಣಪಡಿಸುತ್ತದೆಂಬುದಕ್ಕೆ ವೈಜ್ಞಾನಿಕ ಪ್ರಮಾಣವಿಲ್ಲ. ಇದನ್ನು ನಂಬಿ ದಿನನಿತ್ಯದ ಔಷಧವನ್ನು ಬಿಟ್ಟವನಿಗೆ ಅಪಾಯ ಖಂಡಿತ. ಇಷ್ಟನ್ನು ಸ್ಪಷ್ಟವಾಗಿ ಹೇಳಿಯೇ ವಿಮರ್ಶಕನು ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ: ಜನರು ನಲವತ್ತೈದು ದಿನದ ಪಥ್ಯವನ್ನು ನೆನಪಿಟ್ಟು ಪಾಲಿಸುತ್ತಾರೆ, ಎರಡು ಸಾಲಿನ ಚೀಟಿಯನ್ನು ಏಕೆ ಪಾಲಿಸುವುದಿಲ್ಲ? ಅಲ್ಲಿ ಒಬ್ಬನ ಬಾಯಿಗೆ ಒಬ್ಬನ ಕೈ ಬರುತ್ತದೆ. ದಿನ ಗೊತ್ತಾಗಿದೆ, ಅವಧಿ ಗೊತ್ತಾಗಿದೆ, ತಿನ್ನಬೇಕಾದುದರ ಹೆಸರು ಗೊತ್ತಾಗಿದೆ; ಮುಂದಿನ ವರ್ಷ ಮತ್ತೆ ಬಾ ಎಂಬ ಕರೆಯೂ ಇದೆ. ಶಾಸ್ತ್ರೀಯವಾದ ಔಷಧದ ಬಳಿ ಗುಣವಿದೆ, ಈ ಮಾತಿಲ್ಲ.

ಹಾಗಾದರೆ ಆ ಮಾತು ಹೇಗಿರಬೇಕು? ನಮ್ಮ ಒಕ್ಕಲಗಿತ್ತಿಗೆಂದು ಒಂದು ಪುಟವನ್ನು ಬರೆದು ನೋಡಿದೆವು. ಔಷಧದ ಪ್ರಮಾಣ ವೈದ್ಯನಿಗೆ ಸೇರಿದ್ದಾದುದರಿಂದ ಅದನ್ನು ಖಾಲಿ ಬಿಟ್ಟಿದ್ದೇವೆ.

‘ಕಂದು ಪಂಪು ದಿನಾಲೂ ಎಳೆಯಬೇಕು, ಮುಂಜಾನೆ ಇಷ್ಟು ಸಲ, ರಾತ್ರಿ ಇಷ್ಟು ಸಲ. ದಮ್ಮು ಇಲ್ಲದ ದಿನವೂ ಎಳೆಯಬೇಕು. ಎಳೆದ ಕೂಡಲೆ ಏನೂ ಅನ್ನಿಸುವುದಿಲ್ಲ; ಅನ್ನಿಸದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸು. ನಡುರಾತ್ರಿ ಕೆಮ್ಮಿ ಎದ್ದರೆ, ಇಲ್ಲವೇ ಹೊಲದ ದಾರಿಯಲ್ಲಿ ಮೊದಲು ಕೂಡದ ಜಾಗದಲ್ಲಿ ಕೂಡಬೇಕಾದರೆ, ದಮ್ಮು ಹೆಚ್ಚಾಗುತ್ತಿದೆ ಎಂದು ತಿಳಿ. ವೈದ್ಯರು ಇಲ್ಲಿ ಬರೆದಂತೆ ಮಾಡು, ಎರಡು ದಿನದಲ್ಲಿ ಬಂದು ತೋರಿಸು. ಒಂದು ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿದ್ದರೆ, ಪಂಪು ಎಳೆದರೂ ಉಸಿರು ಬಿಡಿಸದಿದ್ದರೆ, ಬೆಳಗಾಗಲಿ ಎನ್ನಬೇಡ. ಆ ಹೊತ್ತಿಗೇ ಹುಮನಾಬಾದಕ್ಕೆ ಹೊರಡು. ಎಳ್ಳಮಾವಾಸ್ಯೆಯ ಹೊತ್ತಿಗೆ ತೊಗರಿ ರಾಶಿ ಬರುತ್ತದೆ. ಅದಕ್ಕೆ ಮೊದಲು ಒಮ್ಮೆ ಬಾ. ಒಲೆಯ ಮಾತನ್ನು ನಿನ್ನ ಮನೆಯವರಿಗೆ ನಾವೇ ಹೇಳುತ್ತೇವೆ, ಅವರನ್ನೂ ಕರೆದುಕೊಂಡು ಬಾ.’

ಈ ಪುಟ ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. ಏಕವಚನ ಕೆಲವರಿಗೆ ಅಗೌರವವೆನಿಸಬಹುದು. ಬೀದರ ಸೀಮೆಯ ಕಿವಿಗೆ ಅದು ಹೇಗೆ ಕೇಳುವುದೋ ಅಲ್ಲಿನವರೇ ಹೇಳಬೇಕು. ಹಸುರು, ಹಳದಿ, ಕೆಂಪು ವಲಯಗಳ ಪ್ರಸಿದ್ಧವಾದ ವಿಂಗಡಣೆಯನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ೧೯೫೯ರಲ್ಲಿ ರೈಟ್ ಎಂಬಾತನು ಬಳಕೆಗೆ ತಂದ ಉಸಿರುವೇಗದ ಮಾಪಕವು ಆಮೇಲೆ ಸಣ್ಣದಾಗಿ ಮನೆಗಳನ್ನು ಸೇರಿತು. ರೋಗಿಯ ಉತ್ತಮ ಅಳತೆಯ ಶೇಕಡ ೮೦ಕ್ಕೆ ಮೇಲಿನದು ಹಸುರು, ೫೦ಕ್ಕೆ ಕೆಳಗಿನದು ಕೆಂಪು ಎಂಬ ಕ್ರಮ ರೂಢಿಯಾಯಿತು. ಮಾಪಕವಿದ್ದವರಿಗೆ ಅದು ಉತ್ತಮವಾದ ಕ್ರಮವೇ. ಆದರೆ ಅದರ ರೂಪಕ ಹುಟ್ಟಿದ್ದು ನಗರದ ಚೌಕದಲ್ಲಿ. ಮಾಪಕವಿಲ್ಲದವಳಿಗೆ ನಡೆವ ದಾರಿಯೂ ಆಡುವ ಮಾತೂ ಮಾಪಕಗಳು. ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದಿರುವುದು ತೀವ್ರವಾದ ಉಬ್ಬಸದ ಲಕ್ಷಣವೆಂದು ವೈದ್ಯಗ್ರಂಥಗಳೇ ಹೇಳುತ್ತವೆ. ವಾಕ್ಯದ ಉದ್ದವು ರೋಗನಿರ್ಣಯದ ಸಾಧನವಾಗುವ ಈ ಸ್ಥಳದಲ್ಲಿ ಭಾಷಾಭ್ಯಾಸಿಯು ಒಂದು ಕ್ಷಣ ನಿಲ್ಲದಿರಲಾರ. ನಮ್ಮ ಅನೇಕ ಕರಪತ್ರಗಳ ವಾಕ್ಯಗಳನ್ನು ಆರೋಗ್ಯವಂತನೂ ಒಂದೇ ಉಸಿರಿನಲ್ಲಿ ಓದಿ ಮುಗಿಸಲಾರನೆಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ.

ಆಕ್ಷೇಪಗಳುಂಟು. ಒಬ್ಬೊಬ್ಬರಿಗೂ ಪುಟ ಬರೆಯುವಷ್ಟು ಹೊತ್ತು ಸರಕಾರಿ ಆಸ್ಪತ್ರೆಯ ವೈದ್ಯನಿಗೆ ಎಲ್ಲಿದೆ? ಹೊರಗೆ ಸಾಲು ನಿಂತಿರುತ್ತದೆ. ಇದು ಬಲವಾದ ಆಕ್ಷೇಪ. ಅದಕ್ಕೆ ಪೂರ್ಣವಾದ ಉತ್ತರ ನಮ್ಮಲ್ಲಿಲ್ಲ. ದಾದಿಯರು, ಔಷಧ ಕೊಡುವವರು, ೨೦೦೫ರಿಂದ ಹಳ್ಳಿಗಳಲ್ಲಿ ಕೆಲಸಮಾಡುತ್ತಿರುವ ಆಶಾ ಕಾರ್ಯಕರ್ತೆಯರು ಈ ಮಾತನ್ನು ಆಡಬಲ್ಲರು. ಅವರ ಮೇಲೆ ಈಗಾಗಲೇ ಬಿದ್ದಿರುವ ಹೊರೆಯನ್ನು ಎಣಿಸದೆ ಹಾಗೆ ಹೇಳಿಬಿಡುವುದು ಸುಲಭ. ದೂರವಾಣಿಗೆ ತಾನಾಗಿ ಬರುವ ಸಂದೇಶಗಳಲ್ಲಿ ರೋಗಿಯ ಹೆಸರನ್ನು ಸೇರಿಸಿ ಅದನ್ನೇ ವೈಯಕ್ತಿಕ ಶಿಕ್ಷಣವೆನ್ನುವವರೂ ಇದ್ದಾರೆ. ಹೆಸರು ಬದಲಾಗಿ ಮಿಕ್ಕದ್ದೆಲ್ಲ ಹಾಗೆಯೇ ಇದ್ದರೆ ಅದು ವಿಳಾಸ ಮಾತ್ರ ಬೇರೆಯಾದ ಮದುವೆಯ ಕರೆಯೋಲೆ. ಹೆಸರೇ ಇಲ್ಲದಿದ್ದರೂ ಚಿಂತೆಯಿಲ್ಲ, ತೊಗರಿಯ ಧೂಳಿರಬೇಕು.

ಹೊತ್ತನ್ನು ಉಳಿಸಿ ಫಲವನ್ನು ಹೆಚ್ಚಿಸುವ ಒಂದು ಉಪಾಯ ಮಾತ್ರ ಎಲ್ಲ ಕಡೆಯೂ ಒಪ್ಪಿತವಾಗಿದೆ: ‘ತಿಳಿಯಿತೇ?’ ಎಂದು ಕೇಳದೆ ‘ಮಾಡಿ ತೋರಿಸು’ ಎನ್ನುವುದು. ತಿಳಿಯಿತೇ ಎಂದರೆ ಹೂಂ ಎನ್ನುವುದು ನಮ್ಮ ಜನರ ಸೌಜನ್ಯ. ಮಾಡಿ ತೋರಿಸುವಾಗ ಪಂಪನ್ನು ಅಲುಗಾಡಿಸದೆ ಒತ್ತುವುದು, ಮೂಗಿನಲ್ಲಿ ಎಳೆಯುವುದು, ಒತ್ತಿದ ಮೇಲೆ ಎಳೆಯುವುದು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕೈಗೂ ಉಸಿರಿಗೂ ಹೊಂದಿಕೆ ಬಾರದವರಿಗೆ ನಡುವೆ ಹಿಡಿಯುವ ಕೊಳವೆ ಬೇಕು. ಅದನ್ನು ಕೊಳ್ಳಲಾಗದ ಕಡೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಮಾಡಿ ಪಂಪನ್ನು ಬಿಗಿಯಾಗಿ ಕೂರಿಸಿದರೆ ಅದೂ ಮಾರುವ ಕೊಳವೆಯಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕದ ಹೀದರ್ ಝಾರ್ ಮತ್ತು ಸಂಗಡಿಗರು ಮಕ್ಕಳಲ್ಲಿ ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದರು. ಕನ್ನಡ ಕರಪತ್ರಗಳಲ್ಲಿ ರತ್ನಗಂಬಳಿಗೆ ದೊರೆತ ಸ್ಥಳ ಈ ಬಾಟಲಿಗೆ ದೊರೆತುದನ್ನು ನಾವು ಕಾಣೆವು.

ಕರಪತ್ರಗಳು ಮುಟ್ಟದ ಮತ್ತೊಂದು ವಿಷಯ ನಾಚಿಕೆ. ಮದುವೆಯಾಗಬೇಕಾದ ಹುಡುಗಿ ಪಂಪನ್ನು ಸೀರೆಯ ಮಡಿಕೆಯಲ್ಲಿ ಅಡಗಿಸುವಳು. ಪಂಪು ಹಿಡಿದರೆ ಜೀವನಪರ್ಯಂತ ಬಿಡದು, ಅದು ಕೊನೆಯ ಔಷಧ ಎಂಬ ಮಾತು ಊರೂರಲ್ಲಿ ಉಂಟು. ‘ಅಪನಂಬಿಕೆಗಳನ್ನು ದೂರಮಾಡಿರಿ’ ಎಂದು ಅಚ್ಚುಹಾಕಿದರೆ ಅವು ದೂರವಾಗುವುದಿಲ್ಲ. ಅವಳ ತಾಯಿಯು ಯಾವ ಮಾತನ್ನು ಕೇಳಿದ್ದಾಳೆಂದು ಮೊದಲು ಕೇಳಿ, ಆ ಮಾತಿಗೇ ಉತ್ತರ ಕೊಡಬೇಕಾಗುತ್ತದೆ.

ನಮ್ಮಂಥ ವಿಭಾಗಗಳು ಈ ಕೆಲಸದಲ್ಲಿ ಮಾಡಬಹುದಾದುದು ಪದಸಂಗ್ರಹ. ಬೀದರ, ಕಲಬುರಗಿ ಸೀಮೆಗಳಲ್ಲಿ ಉಸಿರಿನ ತೊಂದರೆಗೆ ಇರುವ ಮಾತುಗಳನ್ನು, ದಮ್ಮು, ಏದುಸಿರು, ಗೊರಗೊರ, ಎದೆ ಬಿಗಿಯುವುದು, ಉಸಿರು ಕಟ್ಟುವುದು ಇವುಗಳನ್ನೂ ಇಂಥ ಇನ್ನೂ ಅನೇಕವನ್ನೂ, ಹೆಂಗಸರ ಬಾಯಿಂದ ಪ್ರತ್ಯೇಕವಾಗಿ, ಉರ್ದು ಮರಾಠಿ ಲಂಬಾಣಿ ಮನೆಮಾತಿನವರಿಂದ ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಪ್ರತಿಯೊಂದರ ಎದುರಿಗೂ ಅದು ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ಬರುತ್ತದೆಂಬುದನ್ನು ಗುರುತಿಸಬೇಕು. ದಮ್ಮು ಎಂಬ ಒಂದೇ ಮಾತಿನಲ್ಲಿ ಉಬ್ಬಸ, ಹೃದ್ರೋಗದ ಏದುಸಿರು, ಕ್ಷಯದ ಆಯಾಸ, ಬೀಡಿಯಿಂದ ಕೆಟ್ಟ ಪುಪ್ಪುಸ ಎಲ್ಲವೂ ಅಡಗಿರಬಹುದಾದುದರಿಂದ ಸಂಗ್ರಾಹಕನು ವೈದ್ಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗುವುದು ಅವಶ್ಯಕ. ತೊಗರಿ ರಾಶಿಯ ತಿಂಗಳಲ್ಲಿ ಹೋದರೆ ಮಾತುಗಳು ಹೆಚ್ಚು ಸಿಕ್ಕುವುವು.